ಶ್ರಾವಣದ ಅವರೆಕಾಯಿ

ಶ್ರಾವಣ ಮಾಸದಲ್ಲಿ ಅವರೆಕಾಯಿ ತಿಂದವರು ಯಾರ್ಯಾರಿದ್ದೀರಿ, ಕೈ ಎತ್ತಿ ನೋಡೋಣ?

ಎಲ್ಲರೂ ಎತ್ತಿಬಿಟ್ಟಿರಿ ಅಲ್ಲವೇ! ಈಗೇನಂತೆ, ಚಿಕ್ಕಬಳ್ಳಾಪುರದ ಸಂತೆಗೆ ಯಾವ ತಿಂಗಳಲ್ಲಿ ಹೋದರೂ ಒಂದು ಮೂಲೆಯಲ್ಲಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಯಾರಾದರೂ ಕೂತಿರುತ್ತಾರೆ. ಸೊಗಡು ಮಾತ್ರ ಕೇಳಬೇಡಿ. ಇದೇ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆ ಕೇಳಿದ್ದರೆ ಈ ಸೀಮೆಯಲ್ಲೆಲ್ಲ ಎರಡೇ ಕೈ ಏಳುತ್ತಿದ್ದವು. ಒಂದು ನನ್ನದು. ಇನ್ನೊಂದು ಕೈಯವರು ಹೋದ ತಿಂಗಳು ಚಿಂತಾಮಣಿಯಲ್ಲಿ ತೀರಿಕೊಂಡರು.

ಅವರ ಹೆಸರು ಹೇಳುವುದಿಲ್ಲ. ಬದುಕಿದ್ದಾಗಲೇ ಎಲ್ಲೂ ಹೆಸರು ಹಾಕಿಸಿಕೊಳ್ಳದ ಮನುಷ್ಯ, ಸತ್ತ ಮೇಲೆ ನಾನ್ಯಾಕೆ ಹಾಕಲಿ? ನಮ್ಮೂರಿನವರಿಗೆ ಅವರು ಬೀಜದ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಜೇಬಿನಲ್ಲಿ ಪೆನ್ನಿಟ್ಟುಕೊಂಡು ಸೈಕಲ್ಲಿನಲ್ಲಿ ಬಂದವರೆಲ್ಲ ನಮ್ಮೂರಿಗೆ ಮೇಷ್ಟ್ರುಗಳೇ. ಇವರದು ಸರ್ಕಾರದ ಬೀಜದ ಕೆಲಸ. ಆಗ ಚಿಕ್ಕಬಳ್ಳಾಪುರದಲ್ಲಿ ಬಾಡಿಗೆಗಿದ್ದರು. ನಮ್ಮದು ಮಂಡಿಕಲ್ ಕಡೆಯ ಹಳ್ಳಿ. ವಾರಕ್ಕೆ ಎರಡು ಸಲ ಅಷ್ಟು ದೂರ ಪೆಡಲ್ ತುಳಿದುಕೊಂಡು ಬರುತ್ತಿದ್ದರು. ನಮ್ಮ ಮಾವನವರ ಬಾವಿಯ ಪಕ್ಕದ ಅರ್ಧ ಎಕರೆಯನ್ನು ಸರ್ಕಾರ ಗುತ್ತಿಗೆಗೆ ತೆಗೆದುಕೊಂಡಿತ್ತು. ಅದಕ್ಕೆ ಸುತ್ತ ಮುಳ್ಳುಬೇಲಿ. ಒಳಗೆ ಅವರೆಯ ಸಾಲುಗಳು.

ಸಣಕಲು ಮೈ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ತಲೆಯ ಮೇಲೆ ಒದ್ದೆ ಟವಲು. ಒಂದೊಂದು ಗಿಡಕ್ಕೂ ನಂಬರು ಕೊರೆದ ತಗಡಿನ ಚೂರು ಕಟ್ಟಿದ್ದರು. ಗಿಡ ಮುಟ್ಟುವ ಮುಂಚೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು, ಹಸುಗೂಸನ್ನು ಎತ್ತಿಕೊಳ್ಳುವವರ ಹಾಗೆ. ಮಾತೆಲ್ಲ ಕನ್ನಡದಲ್ಲಿ, ಎಣಿಕೆ ಮಾತ್ರ ತೆಲುಗಿನಲ್ಲಿ. "ಒಕಟಿ, ರೆಂಡು, ಮೂಡು" ಅಂತ ಕುಕ್ಕರುಗಾಲಲ್ಲಿ ಕೂತು ಹೂವು ಎಣಿಸುತ್ತಿದ್ದರೆ ನಾವು ಹೆಂಗಸರು ಬೇಲಿಯ ಈಚೆ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು.

"ಯಾಕ್ ಮೇಷ್ಟ್ರೇ ತೆಲುಗಲ್ಲಿ ಎಣಿಸ್ತೀರಿ?" ಅಂತ ಒಂದು ಸಲ ನಾನೇ ಕೇಳಿದೆ.

"ನಮ್ಮಮ್ಮ ಎಣಿಸೋದು ಕಲಿಸಿದ್ದು ತೆಲುಗಲ್ಲಮ್ಮ. ಕನ್ನಡದಲ್ಲಿ ಎಣಿಸಿದ್ರೆ ನಂಗೇ ನಂಬಿಕೆ ಬರಲ್ಲ."

ಆ ಹೊಲ ಎಂದರೆ ಊರಿಗೆಲ್ಲ ಒಂದು ಥರದ ಭಯ. ಬೀಜವನ್ನು ಬೊಂಬಾಯಿಗೆ ಕಳಿಸಿ, ಅಲ್ಲಿ ಯಾವುದೋ ಯಂತ್ರದಲ್ಲಿ ಕಿರಣ ಹಾಯಿಸಿ ವಾಪಸು ತರಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮೊದಲ ವರ್ಷ ಬಿತ್ತಿದ್ದರಲ್ಲಿ ಅರ್ಧ ಮೊಳೆಯಲೇ ಇಲ್ಲ. ಮೊಳೆತ ಗಿಡಗಳ ಬೀಜವನ್ನು ಎರಡನೇ ವರ್ಷ ಬಿತ್ತಿದರು. ಆಗ ನೋಡಬೇಕಿತ್ತು ಚಂದ! ಕೆಲವು ಹಾಲಿನಂತೆ ಬೆಳ್ಳಗೆ ಹುಟ್ಟಿ, ಒಂದು ಚೂರೂ ಹಸಿರಿಲ್ಲದೆ ಹತ್ತು ದಿನಕ್ಕೆ ಸತ್ತವು. ಕೆಲವಕ್ಕೆ ಎಲೆ ಮುದುರಿ ಮುಷ್ಟಿ ಕಟ್ಟಿದ ಹಾಗೆ. ಒಂದಕ್ಕೆ ಒಂದೇ ಬುಡದಿಂದ ಎರಡು ತಲೆ. ನಮ್ಮತ್ತೆ ಒಂದು ದಿನ ಬೇಲಿಯ ಹತ್ತಿರ ಹೋಗಿ ಬಂದವರು ಮನೆಗೆ ಬಂದು ಕಾಲು ತೊಳೆದುಕೊಂಡರು. "ಅಯ್ಯೋ ದೇವುಡಾ, ಊನ ಮಾಡಿಟ್ಟವ್ರಲ್ಲ ಪಾಪ ಗಿಡಗಳ್ನ! ಆ ಕಡೆ ತಿರುಗಿ ಕೂಡ ನೋಡ್ಬೇಡ ಕಣಮ್ಮ ನೀನು," ಅಂತ ನನಗೆ ತಾಕೀತು ಮಾಡಿದರು. ನನಗೆ ಆಗ ಮೂರು ತಿಂಗಳು.

ನೋಡಬೇಡ ಎಂದರೆ ನೋಡದೆ ಇರುವ ಜಾತಿಯೇ ನಾನು? ಮಾರನೇ ದಿನವೇ ಬಟ್ಟೆ ಒಗೆಯುವ ನೆಪದಲ್ಲಿ ಬಾವಿಗೆ ಹೋಗಿ ಬೇಲಿಗೆ ಮುಖ ಕೊಟ್ಟು ನಿಂತೆ.

ಯಾಕೆ ಹೀಗೆ ಗಿಡಗಳನ್ನು ಹಿಂಸೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಹೇಳಿದ ಉತ್ತರ ನನ್ನ ತಲೆಯಲ್ಲಿ ಹಾಗೇ ಇದೆ. "ನೀವು ರಂಗೋಲಿ ಹಾಕ್ತೀರಲ್ಲಮ್ಮ. ಚುಕ್ಕಿ ಇಡೋವಾಗ ಯಾರೋ ಮೊಣಕೈ ತಾಗಿಸಿದ್ರು ಅಂದ್ಕೊಳ್ಳಿ. ಸಾವಿರ ಸಲಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸಲ ರಂಗೋಲಿ ಕೆಡ್ತದೆ. ಒಂದೇ ಒಂದು ಸಲ, ಯಾರೂ ಹಾಕದೇ ಇರೋ ಒಂದು ಹೊಸಾ ರಂಗೋಲಿ ಬೀಳ್ತದೆ. ಆ ಒಂದಕ್ಕೆ ಕಾಯ್ಕೊಂಡು ಕೂತಿದೀನಿ."

"ಎಂಥದ್ದು ಬೀಳ್ಬೇಕು ನಿಮ್ಗೆ?"

"ಅವರೆ ಇದೆಯಲ್ಲ, ಅದು ಹಗಲು ಚಿಕ್ಕದಾಗೋವರೆಗೂ ಹೂ ಬಿಡಲ್ಲ. ಇಬ್ಬನಿ ಬಿದ್ದ ಮೇಲೇನೇ ಅದರ ಕಾಲ. ವರ್ಷಕ್ಕೆ ಎರಡೇ ತಿಂಗಳು ತಿಂತೀವಿ. ಹೊತ್ತು ಗೊತ್ತು ನೋಡದೆ ಬಿಡೋ ಗಿಡ ಒಂದು ಸಿಕ್ಕಿದ್ರೆ ಸಾಕು."

ಸಿಕ್ಕಿತು. ಅದೇ ವರ್ಷ, ಅದೇ ಸಾಲುಗಳಲ್ಲಿ. ವೈಶಾಖದ ಮಳೆಗೆ ಬಿತ್ತಿದ್ದು, ಉಳಿದ ಗಿಡಗಳೆಲ್ಲ ಬರೀ ಬಳ್ಳಿ ಹಬ್ಬಿಸಿಕೊಂಡು ಸೊಂಪಾಗಿ ಸೋಮಾರಿಗಳಾಗಿರುವಾಗ, ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕುಳ್ಳ ಗಿಡ ಆಷಾಢದಲ್ಲೇ ಹೂಬಿಟ್ಟಿತು. ಶ್ರಾವಣಕ್ಕೆ ಕಾಯಿ. ಮೇಷ್ಟ್ರು ಆ ದಿನ ನಮ್ಮ ಜಗಲಿಯಲ್ಲಿ ಕೂತು ಎರಡು ಲೋಟ ಮಜ್ಜಿಗೆ ಕುಡಿದು, ತಮ್ಮಷ್ಟಕ್ಕೆ ನಗುತ್ತಿದ್ದರು. ನಮ್ಮತ್ತೆ ಒಳಗೆ ಬಂದು "ಹೊಸದಾಗಿ ಮದುವೆ ಆಗಿರೋನಲ್ಲ, ಅದ್ಕೇ ಇರ್ಬೇಕು," ಎಂದರು. ಅದೂ ನಿಜವೇ. ಅವರ ಮದುವೆಯಾಗಿ ಮೂರು ತಿಂಗಳಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಐದು ತಿಂಗಳ ಬಸುರಿಗೆ ಏನು ಬಯಕೆ ಹುಟ್ಟಬಾರದೋ ಅದೇ ಹುಟ್ಟಿತು. ಎಲ್ಲರಿಗೂ ಮಾವಿನಕಾಯಿ, ಹುಣಿಸೆಕಾಯಿ. ನನಗೆ ಅವರೆಕಾಯಿ. ಅನ್ನ ಮುಂದಿಟ್ಟರೆ ಅವರೆಯ ಸೊಗಡು ಮೂಗಿಗೆ ಬಂದ ಹಾಗಾಗಿ ಕಣ್ಣಲ್ಲಿ ನೀರು. ಸೀಮೆಯಲ್ಲೆಲ್ಲೂ ಇಲ್ಲದ ಕಾಲ. ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ. ಎಲ್ಲೂ ಇಲ್ಲದ್ದು ನಮ್ಮ ಬಾವಿಯ ಪಕ್ಕ, ಮುಳ್ಳುಬೇಲಿಯ ಒಳಗೆ, ಮೂಲೆಯ ಕುಳ್ಳ ಗಿಡದಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿತ್ತು.

ನಮ್ಮ ಸೀಮೆಯಲ್ಲಿ ಒಂದು ಪದ್ಧತಿ. ಬಯಕೆಯಾದ ಬಸುರಿ ಯಾರ ಹೊಲದಲ್ಲಿ ಏನು ಕಿತ್ತರೂ ಅದು ಕಳ್ಳತನವಲ್ಲ. ಕಿತ್ತ ಗಿಡದ ಬುಡದಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಬರಬೇಕು, ಅಷ್ಟೇ. ಹೊಲದವರು ಅದನ್ನು ನೋಡಿ, ಯಾರೋ ಪುಣ್ಯವಂತೆ ಬಂದು ಹೋದಳು ಅಂದುಕೊಂಡು ಬಾಯಿ ಮುಚ್ಚಿಕೊಳ್ಳಬೇಕು. ನಾನು ಮಧ್ಯಾಹ್ನ ಎಲ್ಲರೂ ಮಲಗಿದಾಗ ಬೇಲಿ ಸರಿಸಿ ಒಳಗೆ ಹೋದೆ. ಮಡಿಲು ತುಂಬ ಕಿತ್ತೆ. ಎಲೆ ಅಡಿಕೆ ಇಟ್ಟು, ಗಿಡಕ್ಕೆ ಕೈ ಮುಗಿದು ಬಂದೆ. ಬಚ್ಚಲೊಲೆಯ ಮೇಲೆ ಉಪ್ಪು ಹಾಕಿ ಬೇಯಿಸಿ, ಕೊಟ್ಟಿಗೆಯ ಹಿಂದೆ ಕೂತು ಒಂದು ಕಾಳೂ ಬಿಡದೆ ತಿಂದೆ. ಸಿಪ್ಪೆಯನ್ನು ಎಮ್ಮೆಗೆ ಹಾಕಿದೆ.

ಮಾರನೇ ದಿನ ಮೇಷ್ಟ್ರು ಬಂದರು. ಕೈಯಲ್ಲಿ ಬಾಡಿದ ಎರಡು ವೀಳ್ಯದೆಲೆ.

"ಬನ್ನಿ ಮೇಷ್ಟ್ರೇ, ಏನು ಮುಖ ಹಿಂಗಿದೆ? ಬಿಸಿಲಾ? ಮಜ್ಜಿಗೆ ತರ್ತೀನಿ ಇರಿ," ಎಂದು ನಮ್ಮತ್ತೆ ಒಳಗೆ ಹೋದರು.

ಮೇಷ್ಟ್ರು ಎಲೆಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ಎಲೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಬಲು ಸಣ್ಣ ದನಿಯಲ್ಲಿ, "ಎಲ್ಲಾ ತಿಂದ್ರಾ ಅಮ್ಮ? ಒಂದು ಕಾಳಾದ್ರೂ ಉಳಿದಿದ್ಯಾ?" ಎಂದರು.

"ಇಲ್ಲ ಮೇಷ್ಟ್ರೇ."

ಜಗಲಿಯ ಮೇಲೆ ಕುಸಿದು ಕೂತರು. ಆ ಗಿಡ ಒಂದೇ ಸಲ ಹೂಬಿಟ್ಟು, ಒಂದೇ ಸಲ ಕಾಯಾಗಿ ಮುಗಿಯುವಂಥದ್ದು, ಮತ್ತೆ ಬಿಡುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಅವರು ಟವಲಿನಲ್ಲಿ ಮುಖ ಒರೆಸಿಕೊಂಡು, "ಸೊಗಡಿತ್ತಾ?" ಎಂದು ಕೇಳಿದರು.

"ಹ್ಞಾಂ?"

"ಕಾಯಲ್ಲಿ ಸೊಗಡಿತ್ತಾ ಅಂತ."

"ಇತ್ತು ಮೇಷ್ಟ್ರೇ. ಕೈಯೆಲ್ಲಾ ಇನ್ನೂ ಘಂ ಅಂತಿದೆ."

ಪುಸ್ತಕ ತೆಗೆದು ಬರೆದುಕೊಂಡರು! ಎದೆ ಒಡೆದು ಕೂತಿರುವ ಮನುಷ್ಯ, ಆದರೂ ಬರೆದರು: ಸೊಗಡು ಇದೆ.

ಆ ವಾರದಲ್ಲೇ ಇನ್ನೊಮ್ಮೆ ಬಂದಾಗ ಬೇಲಿಯಿಂದಲೇ ಕೂಗಿದರು. "ಅಮ್ಮಾ, ಐದು ಉಳಿದಿದೆ! ಬುಡದಲ್ಲಿ ಎಲೆ ಕೆಳಗಿತ್ತು, ನಿಮ್ ಕಣ್ಣಿಗೆ ಬಿದ್ದಿಲ್ಲ! ಒಣಗಲಿ, ಬೀಜಕ್ಕಾಗ್ತದೆ!" ಐದು ಕಾಯಿಗೂ ಬಟ್ಟೆಯ ಚೀಲ ಕಟ್ಟಿದರು. ಗಿಡದ ಸುತ್ತ ಬೇರೆ ಮುಳ್ಳು. ನನಗೂ ಜೀವ ಬಂದ ಹಾಗಾಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಶಿಡ್ಲಘಟ್ಟದಿಂದ ರೇಷ್ಮೆಗೂಡು ಕೊಳ್ಳಲು ಬರುತ್ತಿದ್ದ ಭಾಯಿ ಒಬ್ಬರಿದ್ದರು. ಬಲು ಸೌಮ್ಯ ಮನುಷ್ಯ. ಗೂಡು ನೋಡಿ, ಎಲೆ ಅಡಿಕೆ ಹಾಕಿಕೊಂಡು, ನಾಲ್ಕು ಊರಿನ ಸುದ್ದಿ ಹೇಳಿ ಹೋಗುವವರು. ಅವತ್ತು ಬಾವಿಯ ದಾರಿಯಲ್ಲಿ ಬಂದವರು ಕೇಳಿದರು.

"ಆ ಬೇಲಿ ಒಳಗೆ ಗಿಡಕ್ಕೆಲ್ಲಾ ಏನಮ್ಮ ಬಂದಿರೋದು? ಎಲೆ ಎಲ್ಲಾ ಮುದುರ್ಕೊಂಡಿದೆ, ಒಂದಕ್ಕೆ ಎರಡು ತಲೆ ಇದೆ."

"ಅದೇ ಭಾಯಿ, ಬೊಂಬಾಯಿ ಕಿರಣ," ಎಂದರು ನಮ್ಮತ್ತೆ.

"ಯಾ ಅಲ್ಲಾ! ಜಪಾನ್ ಮೇಲೆ ಬಾಂಬ್ ಹಾಕಿದ್ರಲ್ಲಮ್ಮ, ಅದರಲ್ಲೂ ಅಂಥಾದ್ದೇ ಕಿರಣ ಅಂತೆ. ನಮ್ಮನೆಗೆ ಬರೋ ಪೇಪರಲ್ಲಿ ಓದಿದೀನಿ. ಅಲ್ಲಿ ಬಸುರೀರಿಗೆ ಹುಟ್ಟಿದ ಮಕ್ಳು ಇದಾವಲ್ಲ…" ಎಂದವರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಮಾತು ನುಂಗಿಬಿಟ್ಟರು. "ಈ ಸಲ ಗೂಡು ಗಟ್ಟಿಯಾಗಿದೆ ಕಣಮ್ಮ," ಎಂದು ಬೇರೆ ಮಾತು ತೆಗೆದರು.

ಪೂರ್ತಿ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಅವರು ನುಂಗಿದ ಅರ್ಧ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಆ ಮಕ್ಕಳು ಹೇಗಿದ್ದವು? ಬೆಳ್ಳಗೆ? ಮುಷ್ಟಿ ಕಟ್ಟಿಕೊಂಡು? ಎರಡು ತಲೆ? ಕಣ್ಣು ಮುಚ್ಚಿದರೆ ಆ ಹೊಲದ ಒಂದೊಂದು ಗಿಡವೂ ತೊಟ್ಟಿಲಲ್ಲಿ ಮಲಗಿದ ಹಾಗೆ ಕಾಣುವುದು. ಮಗು ಒದ್ದರೆ, ಯಾಕೆ ಇಷ್ಟು ಜೋರಾಗಿ ಒದೆಯಿತು, ಎಷ್ಟು ಕಾಲಿವೆಯೋ ಎಂದು ಬೆವರು. ಒದೆಯದಿದ್ದರೆ, ಹಾಲಿನ ಬಣ್ಣದ ಆ ಸಸಿಗಳ ಹಾಗೆ ಒಳಗೇ ಹೋಯಿತೇ ಎಂದು ಬೆವರು. ಸಿಪ್ಪೆ ತಿಂದ ಎಮ್ಮೆಯನ್ನು ದಿನಾ ಬೆಳಿಗ್ಗೆ ಕೊಂಬಿನಿಂದ ಬಾಲದವರೆಗೆ ನೋಡುತ್ತಿದ್ದೆ. ಅದು ನಿಶ್ಚಿಂತೆಯಾಗಿ ಮೆಲುಕು ಹಾಕುತ್ತಿತ್ತು. ಪೇಪರು ಓದುವವರು ಅದರ ಹತ್ತಿರ ಯಾರೂ ಬಂದಿರಲಿಲ್ಲ.

ಯಾರಿಗೆ ಹೇಳಲಿ? ಅತ್ತೆಗೆ ಹೇಳಿದರೆ ನೋಡಬೇಡ ಎಂದ ಗಿಡವನ್ನು ತಿಂದೇ ಬಿಟ್ಟೆಯಾ ಅನ್ನುತ್ತಾರೆ. ನಮ್ಮೆಜಮಾನರಿಗೆ ಹೇಳಿದರೆ ಹೋಗಿ ಮೇಷ್ಟ್ರ ಕುತ್ತಿಗೆಪಟ್ಟಿ ಹಿಡಿಯುತ್ತಾರೆ. ಕೊನೆಗೆ ಪಕ್ಕದ ಬೀದಿಯ ಸೂಲಗಿತ್ತಿ ಅಜ್ಜಿಯ ಹತ್ತಿರ ಹೋದೆ. ಗೌರಿಬಿದನೂರಿನಲ್ಲಿ ನನ್ನ ದೊಡ್ಡಮ್ಮನ ಮಗಳು ಒಬ್ಬಳು ಕಷ್ಟದಲ್ಲಿದ್ದಾಳೆ, ಅವಳಿಗೆ ಎಂದು ಸುಳ್ಳು ಹೇಳಿ, ಬಸುರು ಇಳಿಸುವ ಬೇರು ತಂದೆ. "ಐದು ತಿಂಗಳು ದಾಟಿದ್ರೆ ಕೊಡ್ಬೇಡ ಕಣಮ್ಮ, ತಾಯೇ ಹೋಗ್ಬಿಡ್ತಾಳೆ," ಎಂದು ಅಜ್ಜಿ ಎಚ್ಚರಿಸಿದ್ದರು. ಆ ಬೇರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮೂರು ದಿನ ಓಡಾಡಿದೆ. ಅರೆಯುವ ಕಲ್ಲಿನ ಮುಂದೆ ಎರಡು ಸಲ ಕೂತು ಎದ್ದೆ.

ನಾಲ್ಕನೇ ದಿನ ಮೇಷ್ಟ್ರ ಸೈಕಲ್ಲು ಬಂತು. ನಾನು ನೇರ ಬೇಲಿಯ ಹತ್ತಿರ ಹೋದೆ.

"ಮೇಷ್ಟ್ರೇ, ನಿಜ ಹೇಳಿ. ನನ್ ಮಗು ಹೆಂಗೆ ಹುಟ್ತದೆ?"

ಅವರಿಗೆ ಅರ್ಥವಾಗಲಿಲ್ಲ. ಭಾಯಿ ಹೇಳಿದ್ದು ಹೇಳಿದೆ. ಮೇಷ್ಟ್ರು ಟವಲು ತೆಗೆದು ನೆಲದಲ್ಲಿ ಕೂತರು.

"ಕಿರಣ ಬೀಜದಲ್ಲಿ ಕೂತಿರಲ್ಲಮ್ಮ. ಕಿಟಕಿಯಿಂದ ಬಿಸಿಲು ಬಂದು ಹೋಗಲ್ವಾ? ಸಂಜೆ ಆ ಕೋಣೇಲಿ ಹುಡುಕಿದ್ರೆ ಬಿಸಿಲು ಸಿಗ್ತದಾ?"

"ಬಿಸಿಲು ಹೋದ್ರೂ ಬಟ್ಟೆ ಬಣ್ಣ ಬಿಟ್ಟಿರ್ತದಲ್ಲ ಮೇಷ್ಟ್ರೇ."

ಅವರು ಮೂಲೆಯ ಕುಳ್ಳ ಗಿಡದ ಕಡೆ ಕೈ ತೋರಿಸಿದರು. "ಅಲ್ಲಮ್ಮ, ಈ ಗಿಡ ಬೊಂಬಾಯಿನೇ ನೋಡಿಲ್ಲ. ಕಿರಣ ಬಿದ್ದಿದ್ದು ಇದರಮ್ಮನಿಗೆ. ಹೋದ್ವರ್ಷದ ಗಿಡಕ್ಕೆ."

"ಅದ್ನೇ ತಾನೇ ನಾನೂ ಹೇಳ್ತಿರೋದು! ಅಮ್ಮನಿಗೆ ತಗುಲಿದ್ದು ಮಕ್ಕಳಿಗೆ ಬಂದಿದೆ ಅಂತ ನೀವೇ ಹೇಳ್ತಿದೀರಿ. ಅಗೋ ನೋಡಿ, ಎರಡು ತಲೆ ಇಟ್ಕೊಂಡು ನಿಂತಿದೆ!"

ಕಲಿತವರಿಗೆ ಗೊತ್ತಿರುವುದನ್ನು ಹೆದರಿದವರಿಗೆ ದಾಟಿಸುವುದು ಅಷ್ಟು ಸುಲಭವಲ್ಲ. ನಾನು ಸೆರಗಿನ ಗಂಟು ಬಿಚ್ಚಿ ಬೇರು ತೋರಿಸಿದೆ. "ನೀವು ಹ್ಞೂಂ ಅನ್ನಿ ಸಾಕು, ಇವತ್ತೇ ಅರೆದು ಕುಡೀತೀನಿ," ಎಂದೆ. ಅಳು ಬಂತು.

ಅವರ ಮುಖ ಬೂದಿಯಂತಾಯಿತು. ಎದ್ದು ನಿಂತು, ಮೂಲೆಯ ಗಿಡದ ಕಡೆಗೆ ಹೋದರು. ಕೈಯನ್ನು ಅಂಗಿಗೆ ಒರೆಸಿಕೊಂಡು ಚೀಲಗಳನ್ನು ಒಂದೊಂದಾಗಿ ಬಿಚ್ಚಿದರು. ಐದು ಕಾಯಿಯನ್ನೂ ಕಿತ್ತರು. ಇನ್ನೊಂದು ವಾರ ಬಿಟ್ಟಿದ್ದರೆ ಅವು ಒಣಗಿ ಬೀಜವಾಗುತ್ತಿದ್ದವು.

"ಒಲೆ ಹತ್ತಿದ್ಯಾ ಅಮ್ಮ?"

ಅತ್ತೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋಗಿದ್ದರು. ಬಚ್ಚಲೊಲೆಯಲ್ಲಿ ಕೆಂಡವಿತ್ತು. ಮೇಷ್ಟ್ರು ತಾವೇ ಕಾಯಿ ಬಿಡಿಸಿ ಕಾಳನ್ನು ಚೊಂಬಿಗೆ ಹಾಕಿ ಕುಕ್ಕರುಗಾಲಲ್ಲಿ ಕೂತು ಊದಿದರು. ಉಪ್ಪು ಕೇಳಿ ಇಸಕೊಂಡರು. ಬಲಿತ ಕಾಳು, ಬೇಯಲು ಹೊತ್ತು ಹಿಡಿಯಿತು. ಚೊಂಬಿನಿಂದ ಸೊಗಡು ಎದ್ದಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದೇ ವಾಸನೆಗೆ ಹದಿನೈದು ದಿನದ ಹಿಂದೆ ಜೀವ ಬಿಡುತ್ತಿದ್ದೆ ನೋಡಿ.

ಬೆಂದ ಮೇಲೆ ತಟ್ಟೆಗೆ ಬಗ್ಗಿಸಿಕೊಂಡು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳತೊಡಗಿದರು. "ಒಕಟಿ… ರೆಂಡು… ಮೂಡು…"

ನನಗೆ ಆಗ ಅರಿವಾಯಿತು, ಈ ಮನುಷ್ಯ ತನ್ನ ಮುಂದಿನ ವರ್ಷದ ಹೊಲವನ್ನೆಲ್ಲ ತಿನ್ನುತ್ತಿದ್ದಾನೆ ಎಂದು. "ಮೇಷ್ಟ್ರೇ, ಎರಡಾದ್ರೂ ಹಸೀದು ಬೀಜಕ್ಕೆ ಇಟ್ಕೋಬಾರದಾಗಿತ್ತಾ?" ಎಂದೆ.

"ಇಟ್ಕೊಂಡಿದ್ರೆ ನೀವು ನಂಬ್ತಿದ್ರಾ? ಕೆಟ್ಟಿರೋದು ಎತ್ತಿಟ್ಟು ಒಳ್ಳೇದು ತಿಂದ ಅಂತಿದ್ರಿ."

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಆದರೂ ನನ್ನ ನಾಲಗೆ ಸುಮ್ಮನಿರಬೇಕಲ್ಲ. "ನೀವು ಗಂಡಸು ಮೇಷ್ಟ್ರೇ. ನಿಮ್ ಹೊಟ್ಟೇಲೇನಿದೆ ಕೆಡೋಕೆ?"

ಅವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಂಗೂ ಮಕ್ಳಾಗ್ಬೇಕಲ್ಲಮ್ಮ," ಎಂದರು. ಮತ್ತೆ ತಿನ್ನತೊಡಗಿದರು. ಹತ್ತೊಂಬತ್ತು ಕಾಳು. ಪಂದೊಮ್ಮಿದಿ ಎಂದು ಎಣಿಕೆ ನಿಂತಿತು. ತಟ್ಟೆಯಲ್ಲಿದ್ದ ಉಪ್ಪುನೀರನ್ನೂ ಕುಡಿದರು.

"ಈಗ ಆ ಬೇರು ಕೊಡಿ ಇಲ್ಲಿ."

ಕೊಟ್ಟೆ. ಜೇಬಿನಿಂದ ಬೀಜ ಹಾಕುವ ಕಾಗದದ ಲಕೋಟೆ ತೆಗೆದು ಅದರೊಳಗಿಟ್ಟು, ಅಭ್ಯಾಸಬಲದಿಂದ ಮೇಲೆ ತಾರೀಖು ಬರೆದರು. ಬರೆದ ಮೇಲೆ ತಾವೇ ಅದನ್ನು ನೋಡಿ ಹರಿದು ಒಲೆಗೆ ಹಾಕಿದರು.

ಭಯ ಹೋಯಿತೇ ಎಂದರೆ, ಇಲ್ಲ. ಸುಳ್ಳು ಯಾಕೆ ಹೇಳಲಿ? ಅರ್ಧ ಹೋಯಿತು. ಉಳಿದ ಅರ್ಧವನ್ನು ಒಳಗಿಟ್ಟುಕೊಂಡು ಸೀಮಂತ ಮಾಡಿಸಿಕೊಂಡೆ, ಹಸಿರು ಬಳೆ ತೊಟ್ಟೆ. ಮೇಷ್ಟ್ರು ವಾರಕ್ಕೆ ಎರಡು ಸಲ ಬರುತ್ತಿದ್ದವರು ನಾಲ್ಕು ಸಲ ಬರತೊಡಗಿದರು. ಹೊಲದಲ್ಲಿ ಅಷ್ಟು ಕೆಲಸವೂ ಇರಲಿಲ್ಲ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಹೋಗುವಾಗ ಒಂದೇ ಮಾತು: "ಆಡ್ತಾ ಇದೆಯಾ ಅಮ್ಮ?" ಆಡ್ತಿದೆ ಎಂದರೆ ಸೈಕಲ್ಲು ಹತ್ತುತ್ತಿದ್ದರು. ನಮ್ಮತ್ತೆಗೆ ಆಶ್ಚರ್ಯ. "ಹೆತ್ತಮ್ಮ ಕೂಡ ಇಷ್ಟು ವಿಚಾರಿಸಲ್ಲ ಕಣೇ ನಿನ್ನ."

ಸಂಕ್ರಾಂತಿ ಹತ್ತಿರದಲ್ಲಿ, ಊರೆಲ್ಲ ಅವರೆಯ ಸೊಗಡು ತುಂಬಿಕೊಂಡಿರುವಾಗ ನೋವು ಬಂತು. ಅದೇ ಸೂಲಗಿತ್ತಿ ಅಜ್ಜಿ. ಮಗು ಹೊರಗೆ ಬಂದದ್ದು ಗೊತ್ತಾಯಿತು. ಅಳು ಕೇಳಲಿಲ್ಲ. ಒಂದು ಗಳಿಗೆ. ಆ ಒಂದು ಗಳಿಗೆಯಷ್ಟು ಉದ್ದದ ಹೊತ್ತನ್ನು ಈ ಎಂಬತ್ತು ವರ್ಷದಲ್ಲಿ ನಾನು ಮತ್ತೆ ಕಂಡಿಲ್ಲ. ಆಮೇಲೆ ಅತ್ತಿತು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. "ಬೆರಳು ಎಣಿಸಜ್ಜಿ," ಎಂದೆ.

"ಯಾಕೇ?"

"ಎಣಿಸು ಅಂದ್ರೆ ಎಣಿಸು!"

"ಇಪ್ಪತ್ತಿದೆ ಕಣೇ ಮಾರಾಯ್ತಿ. ಇನ್ನೂ ಬೇಕಿತ್ತಾ? ಹೆಣ್ಣು, ಬಣ್ಣ ಸ್ವಲ್ಪ ಕಪ್ಪು."

ಕಪ್ಪು ಎಂದು ಕೇಳಿ ಇಷ್ಟು ಸಂತೋಷಪಟ್ಟ ತಾಯಿ ಈ ಸೀಮೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಮಾರನೇ ದಿನ ಮೇಷ್ಟ್ರು ಬಂದವರು ಬಾಗಿಲ ಹೊರಗೇ ನಿಂತರು. ನಮ್ಮತ್ತೆ ಮಗುವನ್ನು ತಂದು ತೋರಿಸಿದರಂತೆ. ಮುಟ್ಟಲಿಲ್ಲ. "ಚೆನ್ನಾಗಿ ಅತ್ತಿತಾ?" ಎಂದು ಕೇಳಿ, ಹ್ಞೂಂ ಎಂದ ಮೇಲೆ ಸೈಕಲ್ಲನ್ನು ಹತ್ತದೆ, ತಳ್ಳಿಕೊಂಡೇ ಹೋದರಂತೆ.

ಆ ವರ್ಷವೇ ನಮ್ಮೂರಿನ ಹೊಲದ ಗುತ್ತಿಗೆ ಮುಗಿಯಿತು. ಸಿಕ್ಕಿದ ಒಂದು ಗಿಡವನ್ನು ಉಳಿಸಿಕೊಳ್ಳಲಿಲ್ಲ ಎಂದು ಮೇಲಿನವರಿಂದ ಅವರಿಗೆ ಛೀಮಾರಿಯಾಯಿತೆಂದು ಎಷ್ಟೋ ವರ್ಷದ ಮೇಲೆ ಬೇರೆ ಯಾರದೋ ಬಾಯಿಂದ ಕೇಳಿದೆ. ಏನಾಯಿತು ಎಂದು ಕೇಳಿದ್ದಕ್ಕೆ "ಹುಳ ತಿಂತು" ಎಂದು ಬರೆದುಕೊಟ್ಟಿದ್ದರಂತೆ. ಆ ಹುಳ ನಾನೇ. ಆಮೇಲೆ ಚಿಂತಾಮಣಿಗೆ ಹೋದರು, ಕಡಲೆಕಾಯಿಯ ಕೆಲಸ ಕೊಟ್ಟರು. ಬೊಂಬಾಯಿಗೆ ಮತ್ತೆ ಮತ್ತೆ ಅವರೆ ಬೀಜವೂ ಹೋಯಿತು, ಬಂತು. ಆದರೆ ಶ್ರಾವಣದಲ್ಲಿ 'ಘಂ' ಎನ್ನುವ ಅಂಥ ಅವರೆ ಅವರಿಗೆ ಮತ್ತೆ ಬೀಳಲಿಲ್ಲ.

ಮಗಳಿಗೆ ಐದು ವರ್ಷವಾಗಿದ್ದಾಗ ಗೌರಿಬಿದನೂರಿನ ಸ್ಟೇಷನ್ನಿನಲ್ಲಿ ಒಂದು ಸಲ ಸಿಕ್ಕಿದರು. ಬೀಜದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ಮಗುವಿನ ಕೆನ್ನೆ ಹಿಂಡುತ್ತಾರಲ್ಲ, ಅವರು ಅವಳ ಎರಡೂ ಕೈಗಳನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಎರಡು ಕಡಲೆಕಾಯಿ ಕೊಟ್ಟರು. ನಾನು ತುಂಟತನಕ್ಕೆ, "ಇದು ಬೊಂಬಾಯಿಗೆ ಹೋಗಿ ಬಂದಿದ್ದಾ ಮೇಷ್ಟ್ರೇ?" ಎಂದೆ. "ಅಲ್ಲಮ್ಮ, ಇಲ್ಲೇ ಗೇಟ್ ಹತ್ರ ಮಾರ್ತಿದ್ರು," ಎಂದು ಗಾಬರಿಯಿಂದ ತಾವೇ ಒಂದು ಒಡೆದು ಬಾಯಿಗೆ ಹಾಕಿಕೊಂಡರು.

ಅಲ್ಲಿಂದ ಮದುವೆ ಮುಂಜಿಗಳಲ್ಲಿ ಎರಡೂ ಮನೆಗೆ ಹೋಗುವುದು ಬರುವುದು ಆಯಿತು. ಅವರ ಹೆಂಡತಿಗೂ ನನಗೂ ಸಲುಗೆ ಬೆಳೆಯಿತು. ಆಕೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಮಾತು ನನಗಿಂತ ಖಾರ.

ಹೋದ ತಿಂಗಳು ತಿಥಿಗೆ ಚಿಂತಾಮಣಿಗೆ ಹೋಗಿದ್ದೆ. ಊಟ ಮುಗಿದು ಎಲ್ಲರೂ ಆಚೀಚೆ ಹೋದ ಮೇಲೆ ನಾವಿಬ್ಬರೇ ಅಡುಗೆಮನೆಯ ಹೊಸಿಲಲ್ಲಿ ಕೂತೆವು. ನಾನು ಆ ಐದು ಕಾಯಿಯ ಕಥೆಯನ್ನು ಆಕೆಗೆ ಮೊದಲ ಸಲ ಪೂರ್ತಿ ಹೇಳಿದೆ. ಒಕಟಿ ರೆಂಡು ಎಂದು ತಿಂದದ್ದು, ಉಪ್ಪುನೀರು ಕುಡಿದದ್ದು, ಎಲ್ಲ. ನಾನು ಕೊನೆಗೆ, "ಧೈರ್ಯ ಅಂದ್ರೆ ಅದು ಕಣೇ. ನಾನು ಐದು ತಿಂಗಳು ಹೆದರಿ ಸತ್ತೆ. ನಿಮ್ಮೆಜಮಾನ್ರಿಗೆ ಹೆದರಿಕೆ ಅನ್ನೋದೇ ಇರಲಿಲ್ಲ ನೋಡು," ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇರಲಿಲ್ವಾ? ಮದುವೆಯಾಗಿ ಮೂರು ತಿಂಗಳಿಗೆ ಒಂದಿನ ಇದ್ದಕ್ಕಿದ್ದ ಹಂಗೆ ಚಾಪೆ ಸುತ್ಕೊಂಡು ಹಜಾರಕ್ಕೆ ಹೋದ್ರು ಕಣೇ. ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ಐದು ತಿಂಗಳು! ನಾನು ಇಷ್ಟ ಇಲ್ವೇನೋ ಅಂತ ಅತ್ತೂ ಅತ್ತೂ ತವರಿಗೆ ಹೋಗೋಕೆ ಗಂಟು ಕಟ್ಟಿದ್ದೆ. ನಿನ್ನ ಮಗಳಿಗೆ ಇಪ್ಪತ್ತು ಬೆರಳು ಅಂತ ಗೊತ್ತಾದ ದಿನ ಸೈಕಲ್ ತಳ್ಕೊಂಡು ಬಂದು ಚಾಪೆ ಒಳಗೆ ಹಾಕಿದ್ರು. ನನ್ನ ದೊಡ್ಡ ಮಗ ನಿನ್ನ ಮಗಳಿಗಿಂತ ಹತ್ತೇ ತಿಂಗಳು ಚಿಕ್ಕೋನು ಯಾಕೆ ಅಂತ ಇಷ್ಟು ವರ್ಷ ನಿಂಗೆ ಹೊಳೀಲೇ ಇಲ್ವೇನೇ, ಅವರೆಕಾಯಿ ಕಳ್ಳಿ?"